ವಿಕಿ ಟಿಪ್ಪಣಿಗೆ ಸ್ವಂತ ಕಿಟಕಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಬ್ರೌಸರಿನಲ್ಲಿ ತೆರೆದುಕೊಳ್ಳುವ ವೈಯಕ್ತಿಕ ವಿಕಿಯನ್ನು (ಟಿಡ್ಲಿವಿಕಿಯಂಥ, ಒಂದಕ್ಕೊಂದು ಕೊಂಡಿ ಹಾಕಿಕೊಳ್ಳಬಲ್ಲ ಟಿಪ್ಪಣಿಗಳ ಸಂಗ್ರಹವನ್ನು) ಪ್ರತ್ಯೇಕ ಡೆಸ್ಕ್‌ಟಾಪ್ ಅಪ್ಲಿಕೇಶನ್ ಆಗಿ ಮಾಡಿಕೊಳ್ಳುವ ಬಗ್ಗೆ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಓದುಗರು ಬರೆದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕ ಶಾಸನಗಳಿಂದ ಹಿಡಿದು ಇಟಗಿಯ ಮಹಾದೇವ ದೇವಾಲಯ, ಕಿನ್ನಾಳದ ಗೊಂಬೆ ಕಲೆಯವರೆಗೆ ನಮ್ಮ ಜಿಲ್ಲೆಯ ಬಗ್ಗೆ ಓದಿದ್ದನ್ನೂ ಕೇಳಿದ್ದನ್ನೂ ಟಿಡ್ಲಿವಿಕಿಯಲ್ಲಿ ಊರೂರಿನ ಹೆಸರಿನಲ್ಲಿ ಬರೆದಿಟ್ಟಿದ್ದೇನೆ. ಬ್ರೌಸರಿನಲ್ಲಿ ಸೇವ್ ಮಾಡಿದಾಗಲೆಲ್ಲ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಹೊಸದೊಂದು ಪ್ರತಿ ಬಂದು ಕೂರುತ್ತದೆ. ಈಗ ಯಾವುದು ಇತ್ತೀಚಿನದೆಂದು ಗುರುತಿಸುವುದೇ ಕಷ್ಟವಾಗಿದೆ. ಪರಿಚಯದ ಹುಡುಗನೊಬ್ಬ ಇದನ್ನೆಲ್ಲ ಸೇರಿಸಿ, ಐಕಾನ್ ಮೇಲೆ ಎರಡು ಸಲ ಒತ್ತಿದರೆ ತೆರೆಯುವ ಒಂದೇ ಇಎಕ್ಸ್‌ಇ ಕಡತ ಮಾಡಿಕೊಟ್ಟ. ಚೆನ್ನಾಗಿಯೇ ತೆರೆಯಿತು, ಆದರೆ ಅದರಲ್ಲಿ ಬರೆದದ್ದು ಮರುದಿನ ತೆರೆದಾಗ ಇರಲಿಲ್ಲ. ನಮ್ಮ ತಾಲ್ಲೂಕಿನ ಶಾಲೆಗಳ ಶಿಕ್ಷಕರಿಗೆ ಇದನ್ನು ಪೆನ್‌ಡ್ರೈವ್‌ನಲ್ಲಿ ಹಂಚಬೇಕೆಂದಿದ್ದೇನೆ. ದಾರಿ ತೋರಿಸಿ. (ನಿವೃತ್ತ ಶಿಕ್ಷಕರು, ಕೊಪ್ಪಳ)

ಉತ್ತರ: ಗುರುಗಳೇ, ನೀವು ಕೇಳಿದ್ದು ಸಾಧ್ಯವಿದೆ, ಅದೂ ಒಂದು ಸಾಲು ಪ್ರೋಗ್ರಾಮ್ ಬರೆಯದೆ. ಆದರೆ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಪ್ರತಿಗಳು ಏಕೆ ಗುಂಪುಗೂಡುತ್ತವೆ, ಆ ಇಎಕ್ಸ್‌ಇ ಕಡತದಲ್ಲಿ ಬರೆದದ್ದು ಎಲ್ಲಿ ಹೋಯಿತು ಎಂಬ ಎರಡನ್ನೂ ಮೊದಲು ತಿಳಿದುಕೊಂಡರೆ ಮುಂದಿನ ಕೆಲಸ ಹಗುರವಾಗುತ್ತದೆ.

ಜೆರೆಮಿ ರಸ್ಟನ್ ಅವರು 2004ರಲ್ಲಿ ಹೊರತಂದ ಟಿಡ್ಲಿವಿಕಿಯ ವಿಶೇಷವೆಂದರೆ, ಟಿಪ್ಪಣಿಗಳೂ ಅವುಗಳನ್ನು ತೋರಿಸುವ, ತಿದ್ದುವ, ಹುಡುಕುವ ಪ್ರೋಗ್ರಾಮ್ ಕೂಡ ಒಂದೇ ಎಚ್‌ಟಿಎಂಎಲ್ ಕಡತದೊಳಗೆ ಇರುತ್ತವೆ. ಆ ಕಡತವನ್ನು ತೆರೆಯಲು ಬ್ರೌಸರ್ ಒಂದಿದ್ದರೆ ಸಾಕು, ಇಂಟರ್ನೆಟ್ ಬೇಡ. ತೊಡಕು ಬರುವುದು ಉಳಿಸುವಾಗ. ಯಾವುದೇ ವೆಬ್ ಪುಟವು ಬಳಕೆದಾರರ ಡಿಸ್ಕಿನಲ್ಲಿರುವ ಕಡತಗಳನ್ನು ತಾನಾಗಿ ತಿದ್ದಬಾರದೆಂಬುದು ಬ್ರೌಸರುಗಳ ಮೂಲ ನಿಯಮ. ಈ ನಿಯಮವಿಲ್ಲದಿದ್ದರೆ ನಾವು ಭೇಟಿ ಕೊಟ್ಟ ಯಾವುದೋ ಜಾಲತಾಣ ನಮ್ಮ ಕಡತಗಳನ್ನು ಅಳಿಸಿಹಾಕಬಹುದಿತ್ತು. ನಿಮ್ಮ ವಿಕಿಯೂ ಬ್ರೌಸರಿನ ಕಣ್ಣಿಗೆ ಒಂದು ವೆಬ್ ಪುಟವೇ ಆದ್ದರಿಂದ, ಅದು ತನ್ನ ಹೊಸ ರೂಪವನ್ನು ಡೌನ್‌ಲೋಡ್ ಆಗಿ ಕೊಡಬಲ್ಲದೇ ಹೊರತು ಹಳೆಯ ಕಡತದ ಮೇಲೆ ಬರೆಯಲಾರದು. ಹಿಂದೆ ಫೈರ್‌ಫಾಕ್ಸ್‌ನಲ್ಲಿ ಟಿಡ್ಲಿಫಾಕ್ಸ್ ಎಂಬ ಆಡ್-ಆನ್ ಹಾಕಿಕೊಂಡರೆ ನೇರವಾಗಿ ಮೂಲ ಕಡತಕ್ಕೇ ಉಳಿಸಬಹುದಾಗಿತ್ತು. 2017ರ ನವೆಂಬರ್‌ನಲ್ಲಿ ಬಂದ ಫೈರ್‌ಫಾಕ್ಸ್ 57ನೇ ಆವೃತ್ತಿಯು ಹಳೆಯ ಬಗೆಯ ಆಡ್-ಆನ್‌ಗಳನ್ನೆಲ್ಲ ನಿಲ್ಲಿಸಿದ ಮೇಲೆ ಆ ಅನುಕೂಲ ಹೋಯಿತು. ವಿಕಿಯನ್ನು ಡೆಸ್ಕ್‌ಟಾಪ್ ಅಪ್ಲಿಕೇಶನ್ ಮಾಡಿಕೊಳ್ಳುವ ಅಗತ್ಯ ಹೆಚ್ಚಾದದ್ದಕ್ಕೆ ಇದೂ ಒಂದು ಕಾರಣ.

ಡೆಸ್ಕ್‌ಟಾಪ್ ಅಪ್ಲಿಕೇಶನ್ ಎಂದರೆ ಇಲ್ಲಿ ಬೇರೇನೂ ಅಲ್ಲ, ನಿಮ್ಮ ವಿಕಿಗಾಗಿಯೇ ಮೀಸಲಾದ ಒಂದು ಬ್ರೌಸರ್. ವಿಳಾಸ ಪಟ್ಟಿ, ಟ್ಯಾಬ್‌ಗಳಿಲ್ಲದ ಒಂದು ಕಿಟಕಿಯಲ್ಲಿ ಪುಟವನ್ನು ತೋರಿಸಲು ಕ್ರೋಮ್ ಬ್ರೌಸರಿಗೆ ಆಧಾರವಾದ ಕ್ರೋಮಿಯಂ, ಡಿಸ್ಕಿಗೆ ಬರೆಯಲು ಬ್ರೌಸರಿನ ಹೊರಗೂ ಜಾವಾಸ್ಕ್ರಿಪ್ಟ್ ನಡೆಸುವ ನೋಡ್ ಜೆಎಸ್, ಈ ಎರಡನ್ನೂ ಜೋಡಿಸಿದ ಹೊರಕವಚವೊಂದು ಬೇಕು. ಎನ್‌ಡಬ್ಲ್ಯು ಜೆಎಸ್ ಮತ್ತು ಎಲೆಕ್ಟ್ರಾನ್ ಅಂಥ ಕವಚಗಳು. ನಿಮ್ಮ ಪರಿಚಯದ ಹುಡುಗ ಬಳಸಿದ್ದು ಬಹುಶಃ ಮೊದಲನೆಯದನ್ನು. ಎನ್‌ಡಬ್ಲ್ಯು ಜೆಎಸ್‌ನಲ್ಲಿ ಎಲ್ಲ ಕಡತಗಳನ್ನೂ ಜಿಪ್ ಮಾಡಿ ಇಎಕ್ಸ್‌ಇ ಕಡತದ ಬಾಲಕ್ಕೆ ಅಂಟಿಸಿ ಒಂದೇ ಕಡತ ಮಾಡಲು ಬರುತ್ತದೆ. ನೋಡಲು ಬಹಳ ಅಚ್ಚುಕಟ್ಟು. ಆದರೆ ಅದನ್ನು ತೆರೆದಾಗಲೆಲ್ಲ ಅದು ಒಳಗಿನ ಜಿಪ್ ಅನ್ನು ವಿಂಡೋಸ್‌ನ ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿಕೊಂಡು ಅಲ್ಲಿಂದ ನಡೆಯುತ್ತದೆ. ನೀವು ಗವಿಮಠದ ಪುಟದಲ್ಲಿ ಬರೆದು ಸೇವ್ ಒತ್ತಿದಾಗ ಬರಹ ಸೇರಿದ್ದು ಆ ತಾತ್ಕಾಲಿಕ ಪ್ರತಿಗೆ. ಮರುದಿನ ತೆರೆದಾಗ ಇಎಕ್ಸ್‌ಇ ಒಳಗಿನ ಹಳೆಯ ಪ್ರತಿಯೇ ಮತ್ತೊಮ್ಮೆ ಬಿಚ್ಚಿಕೊಂಡಿತು. ಉಳಿಸುವ ಕ್ರಿಯೆ ಯಶಸ್ವಿಯಾಗಿಯೇ ನಡೆಯುವುದರಿಂದ ಯಾವ ಎಚ್ಚರಿಕೆಯೂ ಕಾಣಿಸುವುದಿಲ್ಲ. ಎಲೆಕ್ಟ್ರಾನ್‌ನಲ್ಲಿ ಮಾಡಿದ್ದರೂ ಹೆಚ್ಚಿನ ವ್ಯತ್ಯಾಸವಿರುತ್ತಿರಲಿಲ್ಲ: ಅದರಲ್ಲಿ ಅಪ್ಲಿಕೇಶನ್‌ನ ಕಡತಗಳು ಸಾಮಾನ್ಯವಾಗಿ ಅಸಾರ್ ಎಂಬ ಕಟ್ಟಿನೊಳಗೆ ಇರುತ್ತವೆ, ಆ ಕಟ್ಟು ಓದುವುದಕ್ಕೆ ಮಾತ್ರ, ಅದರೊಳಗೆ ಬರೆಯಹೋದರೆ ದೋಷ ಬರುತ್ತದೆ.

ಆದ್ದರಿಂದ ನಾನು ಒತ್ತಿ ಹೇಳುವ ಮಾತು ಇಷ್ಟೇ. ಕವಚ ಬೇರೆ ಇರಲಿ, ಬರಹ ಬೇರೆ ಇರಲಿ. ವಿಕಿಯ ಎಚ್‌ಟಿಎಂಎಲ್ ಕಡತವನ್ನು ಅಪ್ಲಿಕೇಶನ್‌ನ ಹೊಟ್ಟೆಯೊಳಗೆ ಎಂದೂ ಹಾಕಬೇಡಿ. ಅಪ್ಲಿಕೇಶನ್ ತೆರೆದು ತೋರಿಸುವ, ಹೊರಗೇ ಇರುವ, ನೀವು ಕೈಯಾರೆ ನಕಲು ಮಾಡಿಕೊಳ್ಳಬಲ್ಲ ಕಡತವಾಗಿ ಅದನ್ನು ಇಡಿ. ನಾಳೆ ಈ ಕವಚ ಹಳತಾಗಿ ಹೊಸ ವಿಂಡೋಸ್‌ನಲ್ಲಿ ನಡೆಯದೆ ಹೋದರೂ ಆ ಎಚ್‌ಟಿಎಂಎಲ್ ಕಡತ ಯಾವುದೇ ಬ್ರೌಸರಿನಲ್ಲಿ ತೆರೆಯುತ್ತದೆ. ಟಿಡ್ಲಿವಿಕಿಯನ್ನು ಆರಿಸಿಕೊಂಡದ್ದರ ದೊಡ್ಡ ಲಾಭವೇ ಅದು, ಅದನ್ನು ಬಿಟ್ಟುಕೊಡುವ ಯಾವ ಏರ್ಪಾಡೂ ನನಗೆ ಒಪ್ಪಿಗೆಯಿಲ್ಲ.

ಇನ್ನು ನಿಮಗೆ ತಕ್ಕ ದಾರಿ. ಟಿಡ್ಲಿಡೆಸ್ಕ್‌ಟಾಪ್ ಎಂಬ ಸಿದ್ಧ ಅಪ್ಲಿಕೇಶನ್ ಈ ಕೆಲಸಕ್ಕೆಂದೇ ಇದೆ. ಟಿಡ್ಲಿವಿಕಿಯನ್ನು ಬೆಳೆಸುತ್ತಿರುವ ತಂಡವೇ ಎನ್‌ಡಬ್ಲ್ಯು ಜೆಎಸ್ ಮೇಲೆ ಇದನ್ನು ಕಟ್ಟಿದ್ದು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಜಿಪ್ ರೂಪದಲ್ಲಿ ಉಚಿತವಾಗಿ ಸಿಗುತ್ತದೆ. ಇನ್‌ಸ್ಟಾಲ್ ಮಾಡಬೇಕಿಲ್ಲ, ಜಿಪ್ ಬಿಚ್ಚಿ ಒಳಗಿನ ಇಎಕ್ಸ್‌ಇ ಒತ್ತಿದರೆ ಸಾಕು. ನಿಮ್ಮ ವಿಕಿ ಕಡತವನ್ನು ಅದರ ಮುಖ್ಯ ಕಿಟಕಿಗೆ ಎಳೆದು ಬಿಟ್ಟರೆ ಪಟ್ಟಿಗೆ ಸೇರಿಕೊಳ್ಳುತ್ತದೆ, ಅಲ್ಲಿಂದ ತೆರೆದರೆ ಪ್ರತ್ಯೇಕ ಕಿಟಕಿಯಲ್ಲಿ ಬರುತ್ತದೆ, ಸೇವ್ ಒತ್ತಿದರೆ ಅದೇ ಕಡತಕ್ಕೆ ಬರೆಯುತ್ತದೆ. ಹಿಂದಿನ ಪ್ರತಿಗಳನ್ನು ಬ್ಯಾಕಪ್ ಆಗಿ ಇಟ್ಟುಕೊಳ್ಳುವ ಏರ್ಪಾಡೂ ಅದರಲ್ಲಿದೆ. ಪೆನ್‌ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ, ಅದರೊಳಗೆ ಅಪ್ಲಿಕೇಶನ್‌ಗೆ ಒಂದು, ಟಿಪ್ಪಣಿಗೆ ಒಂದು, ಚಿತ್ರಗಳಿಗೆ ಒಂದು ಎಂದು ಉಪಫೋಲ್ಡರುಗಳನ್ನಿಟ್ಟು ಹಂಚಿ. ಶಿಕ್ಷಕರು ಅದನ್ನು ಪೂರ್ತಿಯಾಗಿ ತಮ್ಮ ಕಂಪ್ಯೂಟರಿನ ಡಾಕ್ಯುಮೆಂಟ್ಸ್ ಫೋಲ್ಡರಿಗೆ ನಕಲು ಮಾಡಿಕೊಂಡು ಅಲ್ಲಿಂದ ಬಳಸಲಿ. ಪೆನ್‌ಡ್ರೈವ್‌ನಿಂದಲೇ ನೇರವಾಗಿ ಕೆಲಸ ಮಾಡುತ್ತ ಉಳಿಸುವ ಹೊತ್ತಿನಲ್ಲಿ ಅದನ್ನು ಕಿತ್ತರೆ ಕಡತ ಕೆಡುತ್ತದೆ, ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನಲ್ಲಿಟ್ಟರೆ ಅಡ್ಮಿನ್ ಅನುಮತಿಯಿಲ್ಲದೆ ಬರೆಯಲು ವಿಂಡೋಸ್ ಬಿಡುವುದಿಲ್ಲ.

ಚಿತ್ರಗಳ ವಿಷಯವನ್ನು ಮಾತ್ರ ಈಗಲೇ ಸರಿಮಾಡಿಕೊಳ್ಳಿ. ಟಿಡ್ಲಿವಿಕಿಗೆ ಫೋಟೋ ಎಳೆದು ಬಿಟ್ಟರೆ ಅದು ಅಕ್ಷರರೂಪಕ್ಕೆ ತಿರುಗಿ ಅದೇ ಕಡತದೊಳಗೆ ಸೇರುತ್ತದೆ, ಹಾಗೆ ಸೇರುವಾಗ ಗಾತ್ರ ಮೂರನೇ ಒಂದು ಪಾಲು ಹೆಚ್ಚುತ್ತದೆ. ಇಟಗಿ ದೇವಾಲಯದ ಕೆತ್ತನೆಗಳನ್ನು ಮೊಬೈಲಿನಲ್ಲಿ ತೆಗೆದಿದ್ದೀರಿ, ಒಂದೊಂದು ಫೋಟೋ 4 ಎಂಬಿ ಇದೆ ಎಂದಿಟ್ಟುಕೊಳ್ಳಿ. ಅಂಥ 100 ಫೋಟೋಗಳು ಸೇರಿದರೆ ಕಡತ 530 ಎಂಬಿ ದಾಟುತ್ತದೆ. ಒಂದು ಅಕ್ಷರ ತಿದ್ದಿ ಉಳಿಸಿದರೂ ಅಷ್ಟೂ ಮತ್ತೆ ಡಿಸ್ಕಿಗೆ ಬರೆಯಲ್ಪಡಬೇಕು. ಹಳೆಯ ಕಂಪ್ಯೂಟರುಗಳು ಇದನ್ನು ತಡೆದುಕೊಳ್ಳುವುದಿಲ್ಲ. ಫೋಟೋಗಳನ್ನು ಚಿತ್ರಗಳ ಫೋಲ್ಡರಿನಲ್ಲಿಟ್ಟು, ಟಿಡ್ಲಿವಿಕಿಯಲ್ಲಿ ಅವುಗಳ ಹಾದಿಯನ್ನು ಮಾತ್ರ ನಮೂದಿಸುವ ಸೌಲಭ್ಯವಿದೆ. ಅದಕ್ಕಾಗಿ ಕ್ಯಾನೊನಿಕಲ್ ಯುಆರ್‌ಐ ಎಂಬ ಫೀಲ್ಡ್ ಇದೆ. ಹಾದಿಯನ್ನು ಸಿ ಡ್ರೈವ್‌ನಿಂದ ಪೂರ್ತಿಯಾಗಿ ಬರೆಯದೆ, ವಿಕಿ ಕಡತ ಇರುವ ಜಾಗದಿಂದ ಲೆಕ್ಕಹಾಕಿ ಬರೆಯಿರಿ. ಆಗ ಫೋಲ್ಡರನ್ನು ಯಾವ ಕಂಪ್ಯೂಟರಿಗೆ ಒಯ್ದರೂ ಚಿತ್ರಗಳು ಕಾಣಿಸುತ್ತವೆ.

ಶಾಲೆಗಳಲ್ಲಿ ವಿಂಡೋಸ್ 7 ಇರುವ ಕಂಪ್ಯೂಟರುಗಳಿದ್ದರೆ ಮೊದಲೇ ವಿಚಾರಿಸಿಕೊಳ್ಳಿ. ಕ್ರೋಮಿಯಂ 109ರ ನಂತರದ ಆವೃತ್ತಿಗಳು ಅದರಲ್ಲಿ ನಡೆಯುವುದಿಲ್ಲ, ಆದ್ದರಿಂದ ಅವುಗಳ ಮೇಲೆ ಕಟ್ಟಿದ ಕವಚಗಳೂ ನಡೆಯುವುದಿಲ್ಲ. ಅಂಥ ಕಡೆ ಹಳೆಯ ಆವೃತ್ತಿಯ ಕವಚವನ್ನೇ ಕೊಡಬೇಕಾಗುತ್ತದೆ. 32 ಬಿಟ್ ಯಂತ್ರವಾದರೆ 32 ಬಿಟ್‌ನ ಜಿಪ್ ಬೇರೆ ಬೇಕು.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಸಿದ್ಧ ಅಪ್ಲಿಕೇಶನ್ ಬಳಸದೆ ನನ್ನ ಟಿಡ್ಲಿವಿಕಿಗೆ ನಾನೇ ಕವಚ ಬರೆಯಬೇಕೆಂದಿದ್ದೇನೆ. ಎನ್‌ಡಬ್ಲ್ಯು ಜೆಎಸ್, ಎಲೆಕ್ಟ್ರಾನ್, ಟೌರಿ ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ? ಎಲೆಕ್ಟ್ರಾನ್‌ನಲ್ಲಿ ಮೊದಲ ಪ್ರಯತ್ನ ಮಾಡಿದ್ದೇನೆ, ಆದರೆ ಟಿಪ್ಪಣಿ ಉಳಿಸದೆ ಕಿಟಕಿ ಮುಚ್ಚಲು ಹೋದರೆ ಏನೂ ಆಗುವುದಿಲ್ಲ, ಕಿಟಕಿ ಮುಚ್ಚುವುದೂ ಇಲ್ಲ. (ವಿದ್ಯಾರ್ಥಿನಿ, ರಾಯಚೂರು)

ಉತ್ತರ: ಮೊದಲು ನಿಮ್ಮ ಕಿಟಕಿಯ ತೊಂದರೆ. ಉಳಿಸದ ಬರಹ ಇದ್ದಾಗ ಟಿಡ್ಲಿವಿಕಿಯು ಪುಟ ಮುಚ್ಚುವುದನ್ನು ತಡೆಯಲು ಬಿಫೋರ್‌ಅನ್‌ಲೋಡ್ ಎಂಬ ಘಟನೆಯನ್ನು ಬಳಸುತ್ತದೆ. ಸಾಮಾನ್ಯ ಬ್ರೌಸರ್ ಆಗಿದ್ದರೆ ಆ ಹೊತ್ತಿಗೆ "ಈ ಪುಟ ಬಿಟ್ಟುಹೋಗುವಿರಾ?" ಎಂದು ತಾನೇ ಕೇಳುತ್ತದೆ. ಎಲೆಕ್ಟ್ರಾನ್ ಕೇಳುವುದಿಲ್ಲ; ಪುಟ ಬೇಡವೆಂದಿತು ಎಂದು ತಿಳಿದು ಮುಚ್ಚುವ ಕೆಲಸವನ್ನು ಸದ್ದಿಲ್ಲದೆ ರದ್ದು ಮಾಡುತ್ತದೆ. ಕಿಟಕಿಗಳನ್ನು ನಡೆಸುವ ಮುಖ್ಯ ಪ್ರಕ್ರಿಯೆಯಲ್ಲಿ ವಿಲ್-ಪ್ರಿವೆಂಟ್-ಅನ್‌ಲೋಡ್ ಎಂಬ ಘಟನೆಯನ್ನು ಆಲಿಸಿ, ಅಲ್ಲಿ ನೀವೇ ಒಂದು ಸಂವಾದ ಪೆಟ್ಟಿಗೆ ತೋರಿಸಿ, ಬಳಕೆದಾರರು "ಉಳಿಸದೆ ಮುಚ್ಚು" ಎಂದರೆ ಆ ಘಟನೆಯ ಪ್ರಿವೆಂಟ್‌ಡೀಫಾಲ್ಟ್ ಕರೆಯಿರಿ. ಪೆಟ್ಟಿಗೆಯ ಮಾತುಗಳನ್ನು ಕನ್ನಡದಲ್ಲೇ ಬರೆಯಿರಿ, ಅದು ನಿಮ್ಮ ಕೈಯಲ್ಲೇ ಇದೆ.

ಇನ್ನು ಆಯ್ಕೆ. ಎನ್‌ಡಬ್ಲ್ಯು ಜೆಎಸ್ 2011ರಲ್ಲಿ ಇಂಟೆಲ್‌ನಲ್ಲಿ ರೋಜರ್ ವಾಂಗ್ ಅವರು ಶುರುಮಾಡಿದ ನೋಡ್-ವೆಬ್‌ಕಿಟ್‌ನ ಇಂದಿನ ಹೆಸರು. ಅದರಲ್ಲಿ ಕೆಲಸ ಮಾಡಿದ್ದ ಚೆಂಗ್ ಝಾವೋ ಅವರೇ ಮುಂದೆ ಗಿಟ್‌ಹಬ್‌ನಲ್ಲಿ ಆಟಂ ಎಂಬ ಬರಹ ಸಂಪಾದಕಕ್ಕಾಗಿ 2013ರಲ್ಲಿ ಆಟಂ ಶೆಲ್ ಕಟ್ಟಿದರು. 2015ರಲ್ಲಿ ಅದಕ್ಕೆ ಎಲೆಕ್ಟ್ರಾನ್ ಎಂದು ಹೆಸರಾಯಿತು. ಒಂದೇ ಮೂಲದ ಆಲೋಚನೆಯಾದರೂ ಇವೆರಡರ ಸ್ವಭಾವ ಬೇರೆ. ಎನ್‌ಡಬ್ಲ್ಯು ಜೆಎಸ್‌ನಲ್ಲಿ ಪುಟದ ಸ್ಕ್ರಿಪ್ಟ್ ನೇರವಾಗಿ ನೋಡ್‌ನ ಕಡತ ಮಾಡ್ಯೂಲನ್ನು ಕರೆಯಬಲ್ಲದು, ಆದ್ದರಿಂದ ಬರೆಯಬೇಕಾದ ಕೋಡ್ ಬಹಳ ಕಡಿಮೆ. ಎಲೆಕ್ಟ್ರಾನ್‌ನಲ್ಲಿ ಕಿಟಕಿಗಳನ್ನು ನಡೆಸುವ ಮುಖ್ಯ ಪ್ರಕ್ರಿಯೆ ಬೇರೆ, ಪುಟ ತೋರಿಸುವ ಪ್ರಕ್ರಿಯೆ ಬೇರೆ. ನಡುವೆ ಸಂದೇಶ ಕಳಿಸಿ ಮಾತಾಡಬೇಕು. ಟೌರಿ ಕ್ರೋಮಿಯಂ ಅನ್ನು ಹೊತ್ತು ತರುವುದೇ ಇಲ್ಲ, ಕಂಪ್ಯೂಟರಿನಲ್ಲಿ ಈಗಾಗಲೇ ಇರುವ, ವೆಬ್ ಪುಟ ತೋರಿಸುವ ವೆಬ್‌ವ್ಯೂ ಎಂಬ ಭಾಗವನ್ನು ಬಳಸುತ್ತದೆ: ವಿಂಡೋಸ್‌ನಲ್ಲಿ ವೆಬ್‌ವ್ಯೂ2, ಮ್ಯಾಕ್‌ನಲ್ಲಿ ಡಬ್ಲ್ಯುಕೆ ವೆಬ್‌ವ್ಯೂ, ಲಿನಕ್ಸ್‌ನಲ್ಲಿ ವೆಬ್‌ಕಿಟ್ ಜಿಟಿಕೆ. ಹೀಗಾಗಿ ಟೌರಿಯ ಅಪ್ಲಿಕೇಶನ್ ಕೆಲವೇ ಎಂಬಿಗಳಲ್ಲಿ ಮುಗಿಯುತ್ತದೆ, ಎಲೆಕ್ಟ್ರಾನ್‌ನದು ಬಿಚ್ಚಿದಾಗ 200 ಎಂಬಿ ಮೀರುತ್ತದೆ. ಆದರೆ ಮೂರು ವ್ಯವಸ್ಥೆಗಳಲ್ಲಿ ಮೂರು ಬೇರೆ ವೆಬ್‌ವ್ಯೂ ಇರುವುದರಿಂದ ಪುಟ ಎಲ್ಲ ಕಡೆಯೂ ಒಂದೇ ರೀತಿ ಕಾಣುತ್ತದೆಂಬ ಭರವಸೆ ಇಲ್ಲ, ರಸ್ಟ್ ಭಾಷೆಯ ಉಪಕರಣಗಳನ್ನೂ ಹಾಕಿಕೊಳ್ಳಬೇಕು.

ನೀವು ಎಲೆಕ್ಟ್ರಾನ್‌ನಲ್ಲಿ ಆರಂಭಿಸಿಯಾಗಿದೆ, ಅದರಲ್ಲೇ ಮುಂದುವರಿಯಿರಿ. ಕಲಿಯುವವರಿಗೆ ಅದು ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಯಾವ ಅಧಿಕಾರ ಯಾರ ಕೈಯಲ್ಲಿರಬೇಕೆಂದು ಅದು ನಿಮ್ಮನ್ನು ಯೋಚಿಸುವಂತೆ ಮಾಡುತ್ತದೆ. ಹಳೆಯ ಪಾಠಗಳಲ್ಲಿ ಪುಟಕ್ಕೆ ನೋಡ್‌ನ ಪೂರ್ತಿ ಅಧಿಕಾರ ಕೊಟ್ಟುಬಿಡಿ ಎಂಬ ಸಲಹೆ ಸಿಗುತ್ತದೆ. ಹಾಗೆ ಮಾಡಬೇಡಿ. ಎಲೆಕ್ಟ್ರಾನ್ 5ರಿಂದ ಆ ಅಧಿಕಾರ ಪೂರ್ವನಿಯೋಜಿತವಾಗಿ ಇಲ್ಲ, 12ರಿಂದ ಪುಟದ ಸ್ಕ್ರಿಪ್ಟ್ ಮತ್ತು ಅದಕ್ಕಿಂತ ಮೊದಲು ನಡೆಯುವ ಪ್ರೀಲೋಡ್ ಸ್ಕ್ರಿಪ್ಟ್ ಪ್ರತ್ಯೇಕವಾಗಿ ಇರುತ್ತವೆ. ವಿಕಿಯಲ್ಲಿ ಹೊರಗಿನಿಂದ ತಂದು ಅಂಟಿಸಿದ ಬರಹ ಇರುತ್ತದೆ, ಬೇರೆಯವರ ಪ್ಲಗಿನ್ ಇರುತ್ತದೆ, ಹೊರಗಿನ ಪುಟವನ್ನು ಚೌಕಟ್ಟಿನಲ್ಲಿ ತೋರಿಸಿರುವುದೂ ಉಂಟು. ಅವುಗಳಲ್ಲಿ ಒಂದು ಕೆಟ್ಟ ಸ್ಕ್ರಿಪ್ಟ್ ಇದ್ದರೂ ಅದಕ್ಕೆ ನಿಮ್ಮ ಇಡೀ ಡಿಸ್ಕ್ ತೆರೆದುಕೊಳ್ಳುತ್ತದೆ. ಪ್ರೀಲೋಡ್ ಸ್ಕ್ರಿಪ್ಟಿನಲ್ಲಿ ಕಾಂಟೆಕ್ಸ್ಟ್‌ಬ್ರಿಜ್ ಬಳಸಿ "ಈ ಪಠ್ಯವನ್ನು ಉಳಿಸು" ಎಂಬ ಒಂದೇ ಕಾರ್ಯವನ್ನು ಪುಟಕ್ಕೆ ಒದಗಿಸಿ. ಯಾವ ಕಡತಕ್ಕೆ ಉಳಿಸಬೇಕೆಂಬುದನ್ನು ಪುಟ ಹೇಳಬಾರದು, ಮುಖ್ಯ ಪ್ರಕ್ರಿಯೆಗೆ ಅದು ಮೊದಲೇ ತಿಳಿದಿರಬೇಕು.

ಟಿಡ್ಲಿವಿಕಿಯ ಕಡೆ ಸೇವರ್ ಎಂಬ ಬಗೆಯ ಮಾಡ್ಯೂಲ್ ಒಂದನ್ನು ಬರೆದರೆ ಸಾಕು. ಪ್ರತಿ ಸೇವರ್‌ಗೂ ಒಂದು ಆದ್ಯತಾ ಸಂಖ್ಯೆ ಇರುತ್ತದೆ. ಉಳಿಸುವಾಗ ಟಿಡ್ಲಿವಿಕಿ ಹೆಚ್ಚಿನ ಆದ್ಯತೆಯದನ್ನು ಮೊದಲು ಕೇಳಿ, ಅದು ಒಪ್ಪಿದರೆ ಅಲ್ಲಿಗೇ ನಿಲ್ಲುತ್ತದೆ, ಇಲ್ಲವಾದರೆ ಮುಂದಿನದಕ್ಕೆ ಹೋಗುತ್ತದೆ. ನಿಮ್ಮ ಸೇವರ್ ಪಠ್ಯವನ್ನು ಪ್ರೀಲೋಡ್‌ಗೆ ಒಪ್ಪಿಸಿ, ಬರೆದು ಮುಗಿಯಿತೆಂಬ ಉತ್ತರ ಬಂದ ಮೇಲೆ ಮಾತ್ರ ಟಿಡ್ಲಿವಿಕಿಗೆ ಯಶಸ್ಸಿನ ಸುದ್ದಿ ಕೊಡಲಿ. ಮೊದಲೇ ಕೊಟ್ಟುಬಿಟ್ಟರೆ ಉಳಿಸದ ಬರಹವಿದೆಯೆಂಬ ಕೆಂಪು ಗುರುತು ಆರಿಹೋಗುತ್ತದೆ, ಬರಹ ಮಾತ್ರ ಡಿಸ್ಕಿಗೆ ಹೋಗಿರುವುದಿಲ್ಲ.

ಡಿಸ್ಕಿಗೆ ಬರೆಯುವ ಕ್ರಮವನ್ನು ಎಚ್ಚರದಿಂದ ಮಾಡಿ. ಮೂಲ ಕಡತವನ್ನು ತೆರೆದು ಅದರ ಮೇಲೆಯೇ ಬರೆಯತೊಡಗಿದರೆ, ಅರ್ಧದಲ್ಲಿ ಕರೆಂಟ್ ಹೋದಾಗ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂಬಂತಾಗುತ್ತದೆ. ಇಡೀ ವಿಕಿ ಒಂದೇ ಕಡತವಾದ್ದರಿಂದ ನಷ್ಟ ಒಂದು ಟಿಪ್ಪಣಿಗೆ ನಿಲ್ಲುವುದಿಲ್ಲ. ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿನ ಕಡತಕ್ಕೆ ಪೂರ್ತಿ ಬರೆದು, ಅದು ಡಿಸ್ಕನ್ನು ಸೇರಿತೆಂದು ಎಫ್‌ಸಿಂಕ್ ಮೂಲಕ ಖಚಿತಪಡಿಸಿಕೊಂಡು, ಆಮೇಲೆ ಮೂಲದ ಹೆಸರಿಗೆ ರೀನೇಮ್ ಮಾಡಿ. ಜೊತೆಗೆ ಅಪ್ಲಿಕೇಶನ್ ಎರಡು ಸಲ ತೆರೆಯದಂತೆ ಸಿಂಗಲ್ ಇನ್‌ಸ್ಟನ್ಸ್ ಲಾಕ್ ಹಾಕಿ, ಏಕೆಂದರೆ ಒಂದೇ ವಿಕಿ ಎರಡು ಕಿಟಕಿಗಳಲ್ಲಿ ತೆರೆದಿದ್ದರೆ ಕೊನೆಗೆ ಉಳಿಸಿದ ಕಿಟಕಿ ಮೊದಲಿನದರ ಬರಹವನ್ನು ಅಳಿಸಿಹಾಕುತ್ತದೆ. ಹೊರಗಿನ ಕೊಂಡಿಗಳನ್ನು ಒತ್ತಿದಾಗ ಅವು ನಿಮ್ಮ ಕಿಟಕಿಯಲ್ಲಿ ತೆರೆಯದೆ ಮಾಮೂಲಿ ಬ್ರೌಸರಿಗೆ ಹೋಗಬೇಕು. ಅದಕ್ಕೆ ವಿಂಡೋ ಓಪನ್ ಹ್ಯಾಂಡ್ಲರ್ ಇದೆ.

ಪ್ರಶ್ನೆ: ನಾನು ಡಿಟಿಪಿ ಅಂಗಡಿ ನಡೆಸುತ್ತೇನೆ. ಸಂಗನಕಲ್ಲಿನ ನವಶಿಲಾಯುಗದ ನೆಲೆ, ಬಳ್ಳಾರಿ ಕೋಟೆ ಮುಂತಾದವುಗಳ ಬಗ್ಗೆ ಹಳೆಯ ನುಡಿ ತಂತ್ರಾಂಶದ ಕಡತಗಳಲ್ಲಿದ್ದ ಬರಹಗಳನ್ನು ಪರಿವರ್ತಿಸಿ ವಿಕಿಗೆ ಹಾಕಿ ಅಪ್ಲಿಕೇಶನ್ ಮಾಡಿಕೊಂಡೆ. ಗೆಳೆಯರೊಬ್ಬರ ಲಿನಕ್ಸ್ ಕಂಪ್ಯೂಟರಿನಲ್ಲಿ ಅಕ್ಷರಗಳ ಬದಲು ಚೌಕಗಳು ಬಂದವು. ನನ್ನ ಕಂಪ್ಯೂಟರಿನಲ್ಲಿ ಅಕ್ಷರ ಸರಿಯಾಗಿವೆ, ಆದರೆ ಹುಡುಕಿದರೆ ಕೆಲವು ಪದಗಳು ಕಣ್ಣೆದುರಿಗಿದ್ದರೂ ಸಿಗುವುದಿಲ್ಲ. (ಓದುಗರು, ಬಳ್ಳಾರಿ)

ಉತ್ತರ: ಚೌಕ ಬರುವುದೆಂದರೆ ಆ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲವೆಂದು ಅರ್ಥ. ಕ್ರೋಮಿಯಂ ಆಧಾರದ ಕವಚಗಳು ಒತ್ತಕ್ಷರಗಳನ್ನು ಜೋಡಿಸುವ ಎಂಜಿನನ್ನು ತಮ್ಮೊಂದಿಗೇ ತರುತ್ತವೆ, ಫಾಂಟನ್ನು ಮಾತ್ರ ಕಂಪ್ಯೂಟರಿನಿಂದ ಪಡೆಯುತ್ತವೆ. ವಿಂಡೋಸ್ 7ರಲ್ಲಿ ತುಂಗಾ, ಅದರ ನಂತರದವುಗಳಲ್ಲಿ ನಿರ್ಮಲಾ ಯುಐ ಇರುವುದರಿಂದ ನಿಮಗೆ ತೊಂದರೆ ಕಾಣಲಿಲ್ಲ. ನೋಟೋ ಸಾನ್ಸ್ ಕನ್ನಡದಂಥ, ಹಂಚಲು ಮುಕ್ತ ಪರವಾನಗಿ ಇರುವ ಫಾಂಟನ್ನು ವಿಕಿಯ ಸ್ಟೈಲ್‌ಶೀಟಿನ ಒಳಗೇ ಸೇರಿಸಿಬಿಡಿ. ಹಾಗೆ ಮಾಡಿದರೆ ಕವಚ ಯಾವುದಾದರೂ, ಕವಚವೇ ಇಲ್ಲದೆ ಬರಿಯ ಬ್ರೌಸರಿನಲ್ಲಿ ತೆರೆದರೂ ಅಕ್ಷರ ಸರಿಯಾಗಿ ಬರುತ್ತದೆ. ಫಾಂಟನ್ನು ಕವಚದೊಳಗೆ ಇಡುವುದಕ್ಕಿಂತ ಇದೇ ಮೇಲು.

ಹುಡುಕಾಟದ ತೊಂದರೆ ಇನ್ನೂ ಸೂಕ್ಷ್ಮವಾದದ್ದು, ಕನ್ನಡದಲ್ಲಿ ವಿಕಿ ಇಟ್ಟುಕೊಂಡ ಪ್ರತಿಯೊಬ್ಬರೂ ತಿಳಿದಿರಬೇಕಾದದ್ದು. "ಕೊಪ್ಪಳ" ಎಂಬ ಪದವನ್ನೇ ತೆಗೆದುಕೊಳ್ಳಿ. ಅದರ ಮೊದಲ ಅಕ್ಷರದ ಒಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂಬ ಎರಡು ಸಂಕೇತಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಹಳೆಯ ಫಾಂಟಿನ ಪಠ್ಯವನ್ನು ಪರಿವರ್ತಿಸಿದಾಗ ಎರಡನೆಯ ಬಗೆ ನುಸುಳುವುದುಂಟು, ಹುಡುಕುವ ಪೆಟ್ಟಿಗೆಯಲ್ಲಿ ನೀವು ಕೀಲಿಮಣೆಯಿಂದ ಬರೆಯುವುದು ಮೊದಲನೆಯ ಬಗೆ. ಟಿಡ್ಲಿವಿಕಿ ಸಂಕೇತಗಳನ್ನು ಇದ್ದಂತೆಯೇ ಹೋಲಿಸುವುದರಿಂದ ಎರಡನ್ನೂ ಬೇರೆ ಪದಗಳೆಂದು ತಿಳಿಯುತ್ತದೆ. ಓಕಾರ, ಏಕಾರ, ದೀರ್ಘ ಈಕಾರಗಳಲ್ಲೂ ಹೀಗೆಯೇ ಆಗಬಲ್ಲದು. ಪರಿಹಾರವಾಗಿ, ವಿಕಿಗೆ ಹಾಕುವ ಮೊದಲು ಇಡೀ ಪಠ್ಯವನ್ನು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತರಬೇಕು. ಜಾವಾಸ್ಕ್ರಿಪ್ಟ್‌ನ ನಾರ್ಮಲೈಸ್ ಕಾರ್ಯ ಒಂದೇ ಸಾಲಿನಲ್ಲಿ ಇದನ್ನು ಮಾಡುತ್ತದೆ. ನಿಮ್ಮ ಕವಚ ನೀವೇ ಬರೆಸಿದ್ದಾದರೆ ಪ್ರತಿ ಸಲ ಉಳಿಸುವಾಗಲೂ ಈ ಸಾಲನ್ನು ನಡೆಸುವಂತೆ ಹೇಳಿ. ಇದಾದ ಮೇಲೂ ಸಿಗದ ಪದಗಳಿದ್ದರೆ ಅವುಗಳ ನಡುವೆ ಕಾಣದ ಜೋಡಣಾ ಸಂಕೇತ ಇದೆಯೇ ನೋಡಿ. "ಡೆಸ್ಕ್‌ಟಾಪ್" ಎಂಬಲ್ಲಿ ಟಕಾರ ಒತ್ತಾಗಿ ಕೆಳಗಿಳಿಯದಂತೆ ತಡೆದಿರುವುದು ಅಂಥದೇ ಒಂದು ಸಂಕೇತ. ಇದನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ, ತೆಗೆಯಲೂ ಬಾರದು. ಹುಡುಕುವಾಗ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡಬೇಕಾಗುತ್ತದೆ.

ಇದೇ ವಿಷಯಕ್ಕೆ ಸೇರಿದ ಇನ್ನೊಂದು ಮಾತು. ಒಂದೇ ಕಡತದ ಬದಲು ಪ್ರತಿ ಟಿಪ್ಪಣಿಯನ್ನೂ ಪ್ರತ್ಯೇಕ ಕಡತವಾಗಿ ಇಡುವ ನೋಡ್ ಜೆಎಸ್ ವಿಧಾನಕ್ಕೆ ಮುಂದೆ ಬದಲಾಗುವುದಾದರೆ, ಟಿಪ್ಪಣಿಯ ಶೀರ್ಷಿಕೆಯೇ ಕಡತದ ಹೆಸರಾಗುತ್ತದೆ. ಲಿನಕ್ಸ್‌ನ ಸಾಮಾನ್ಯ ಕಡತ ವ್ಯವಸ್ಥೆಯಲ್ಲಿ ಹೆಸರಿಗೆ 255 ಬೈಟ್‌ಗಳ ಮಿತಿ ಇದೆ, ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ಅಂದರೆ 85 ಸಂಕೇತಗಳಿಗೆ ಹೆಸರು ಮುಗಿಯಬೇಕು. ಒತ್ತಕ್ಷರ, ಸ್ವರಚಿಹ್ನೆಗಳೆಲ್ಲ ಬೇರೆ ಬೇರೆ ಸಂಕೇತಗಳಾದ್ದರಿಂದ ಒಂದು ಸಾಧಾರಣ ಉದ್ದದ ವಾಕ್ಯವೂ ಇದನ್ನು ಮೀರುತ್ತದೆ. ಶೀರ್ಷಿಕೆ ಚಿಕ್ಕದಾಗಿರಲಿ.

ಪ್ರಶ್ನೆ: ಬೀಜ, ಗೊಬ್ಬರದ ಅಂಗಡಿಯ ಟಿಪ್ಪಣಿಗಳನ್ನು ಟಿಡ್ಲಿಡೆಸ್ಕ್‌ಟಾಪ್‌ನಲ್ಲಿ ಇಟ್ಟಿದ್ದೇನೆ. ಅಂಗಡಿಯ ಎರಡು ಕಂಪ್ಯೂಟರುಗಳಲ್ಲೂ ಬರೆಯಬೇಕು, ಹೊಲಕ್ಕೆ ಹೋದಾಗ ಮೊಬೈಲಿನಲ್ಲೂ ನೋಡಬೇಕು. (ವ್ಯಾಪಾರಿ, ಸಿಂಧನೂರು)

ಉತ್ತರ: ಮೊಬೈಲಿನಲ್ಲಿ ನೋಡುವುದು ಸುಲಭ. ಅಪ್ಲಿಕೇಶನ್ ಅಲ್ಲಿ ನಡೆಯದಿದ್ದರೂ ಎಚ್‌ಟಿಎಂಎಲ್ ಕಡತವನ್ನು ಮೊಬೈಲಿಗೆ ಕಳಿಸಿ ಬ್ರೌಸರಿನಲ್ಲಿ ತೆರೆದರೆ ಓದಲು, ಹುಡುಕಲು ಅಡ್ಡಿಯಿಲ್ಲ, ಅಲ್ಲಿ ತಿದ್ದಬೇಡಿ. ಎರಡು ಕಂಪ್ಯೂಟರುಗಳ ವಿಷಯದಲ್ಲಿ, ಒಂದೇ ಕಡತವನ್ನು ಹಂಚಿದ ಫೋಲ್ಡರಿನಲ್ಲಿಟ್ಟು ಇಬ್ಬರೂ ಒಟ್ಟಿಗೆ ತೆರೆಯುವುದು ಅಪಾಯಕರ, ಕೊನೆಗೆ ಉಳಿಸಿದವರ ಬರಹವಷ್ಟೇ ಉಳಿಯುತ್ತದೆ. ಇಬ್ಬರೂ ಬರೆಯಲೇಬೇಕಾದರೆ ಒಂದು ಕಂಪ್ಯೂಟರಿನಲ್ಲಿ ಟಿಡ್ಲಿವಿಕಿಯ ನೋಡ್ ಜೆಎಸ್ ಆವೃತ್ತಿಯನ್ನು ಸರ್ವರ್ ಆಗಿ ನಡೆಸಿ, ಇನ್ನೊಂದರಿಂದ ಅಂಗಡಿಯ ವೈಫೈ ಮೂಲಕ ಬ್ರೌಸರಿನಲ್ಲಿ ತೆರೆಯಿರಿ. ಅಲ್ಲಿ ಪ್ರತಿ ಟಿಪ್ಪಣಿಯೂ ಬೇರೆಯಾಗಿ ಉಳಿಯುವುದರಿಂದ ಒಬ್ಬರು ಭತ್ತದ ಬೀಜದ ಪುಟವನ್ನೂ ಇನ್ನೊಬ್ಬರು ಹತ್ತಿಯ ಪುಟವನ್ನೂ ತಿದ್ದುತ್ತಿದ್ದರೆ ತೊಂದರೆಯಾಗದು. ಪಾಸ್‌ವರ್ಡ್ ಇಡದೆ ಸರ್ವರನ್ನು ತೆರೆದಿಡಬೇಡಿ. ಸಾಲದ ಲೆಕ್ಕ ಅದರಲ್ಲಿದ್ದರೆ ವೈಫೈಗೆ ಸೇರಿದ ಯಾರ ಮೊಬೈಲಿನಲ್ಲಾದರೂ ಅದು ಕಾಣಿಸುತ್ತದೆ.

ಪ್ರಶ್ನೆ: ನಾನು ಕಟ್ಟಿದ ಅಪ್ಲಿಕೇಶನ್ ಅನ್ನು ಸಹೋದ್ಯೋಗಿಗಳಿಗೆ ಕಳಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ತಡೆಯುತ್ತದೆ, ಇದು ವೈರಸ್ ಎಂದು ಎಲ್ಲರೂ ಹೆದರುತ್ತಾರೆ. ಏನು ಮಾಡಲಿ? (ಶಿಕ್ಷಕಿ, ಲಿಂಗಸುಗೂರು)

ಉತ್ತರ: ಅದು ಸ್ಮಾರ್ಟ್‌ಸ್ಕ್ರೀನ್ ಎಂಬ ತಪಾಸಣೆ. ಇಂಟರ್ನೆಟ್ಟಿನಿಂದ ಬಂದ, ಪರಿಚಿತ ಪ್ರಕಾಶಕರ ಡಿಜಿಟಲ್ ಸಹಿ ಇಲ್ಲದ, ಹೆಚ್ಚು ಜನ ಬಳಸಿರದ ಇಎಕ್ಸ್‌ಇ ಕಡತವನ್ನು ಅದು ತಡೆಯುತ್ತದೆ. ವೈರಸ್ ಸಿಕ್ಕಿತೆಂದು ಅದು ಹೇಳುತ್ತಿಲ್ಲ, ಇದು ಯಾರದೆಂದು ತನಗೆ ಗೊತ್ತಿಲ್ಲ ಎನ್ನುತ್ತಿದೆ. ಸಹಿಯ ಪ್ರಮಾಣಪತ್ರವನ್ನು ಹಣ ಕೊಟ್ಟು ಪಡೆಯಬೇಕು. ಮ್ಯಾಕ್‌ಗಾದರೆ ಆಪಲ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟಿ ಸದಸ್ಯರಾಗಬೇಕು. ಕೆಲವೇ ಸಹೋದ್ಯೋಗಿಗಳಿಗಾಗಿ ಇಷ್ಟು ಖರ್ಚು ಬೇಡ.

"ಮೋರ್ ಇನ್ಫೋ ಒತ್ತಿ, ರನ್ ಎನಿವೇ ಒತ್ತಿ" ಎಂದು ಎಲ್ಲರಿಗೂ ಹೇಳಿಕೊಡುವುದು ಸುಲಭವಾದರೂ ನನಗೆ ಅದು ಸರಿಯೆನಿಸುವುದಿಲ್ಲ. ಒಮ್ಮೆ ಕಲಿತ ಆ ಅಭ್ಯಾಸ ನಾಳೆ ನಿಜವಾದ ವೈರಸ್ ಬಂದಾಗಲೂ ಮುಂದುವರಿಯುತ್ತದೆ. ನಿಮ್ಮ ಸಹೋದ್ಯೋಗಿಗಳಿಗೆ ಬೇಕಾದದ್ದು ನಿಮ್ಮ ಟಿಪ್ಪಣಿ, ನಿಮ್ಮ ಕವಚವಲ್ಲ. ಓದಲು ಮಾತ್ರ ಬೇಕಾದವರಿಗೆ ಎಚ್‌ಟಿಎಂಎಲ್ ಕಡತವನ್ನಷ್ಟೇ ಕಳಿಸಿ, ಅದು ಅವರ ಬ್ರೌಸರಿನಲ್ಲಿ ಯಾವ ಎಚ್ಚರಿಕೆಯೂ ಇಲ್ಲದೆ ತೆರೆಯುತ್ತದೆ. ಬರೆಯುವವರೂ ಇದ್ದರೆ ಅವರು ಟಿಡ್ಲಿಡೆಸ್ಕ್‌ಟಾಪ್ ಅನ್ನು ಅದರ ಅಧಿಕೃತ ತಾಣದಿಂದ ತಾವೇ ಇಳಿಸಿಕೊಂಡು, ನಿಮ್ಮ ಕಡತವನ್ನು ಅದರಲ್ಲಿ ತೆರೆಯಲಿ. ನಿಮ್ಮದೇ ಕವಚ ಕೊಡಲೇಬೇಕಾದ ಸಂದರ್ಭವಿದ್ದರೆ ಅವರೆದುರು ಕುಳಿತು ಪೆನ್‌ಡ್ರೈವ್‌ನಿಂದ ನೀವೇ ನಕಲು ಮಾಡಿಕೊಡಿ. ದೂರದವರಿಗೆ ಕಳಿಸುವಾಗ ಜಿಪ್‌ನ ಬೆರಳಚ್ಚಿನಂತಿರುವ ಎಸ್‌ಎಚ್‌ಎ-256 ಸಂಖ್ಯೆಯನ್ನು ಬೇರೆ ದಾರಿಯಲ್ಲಿ, ಉದಾಹರಣೆಗೆ ಕಡತವನ್ನು ಮೇಲ್‌ನಲ್ಲಿ ಕಳಿಸಿದ್ದರೆ ಸಂಖ್ಯೆಯನ್ನು ವಾಟ್ಸ್ಆ್ಯಪ್‌ನಲ್ಲಿ, ಕಳಿಸಿ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಆಜ್ಞೆಯಿಂದ ಅವರು ತಮ್ಮ ಪ್ರತಿಯ ಸಂಖ್ಯೆಯನ್ನು ತೆಗೆದು ಹೋಲಿಸಿ ನೋಡಬಹುದು. ಎರಡೂ ಒಂದೇ ಆಗಿದ್ದರೆ ನೀವು ಕಳಿಸಿದ ಕಡತವೇ ಅವರಿಗೆ ತಲುಪಿದೆ.